ಕೋವಿ ಇಳಿಸುವ ಮೊದಲು

ಕೇಳುಗರೇ, ನಮಸ್ಕಾರ.

ತೋಟಕ್ಕೆ ಹಂದಿ ನುಗ್ಗಿದರೆ ನಾವು ಮೊದಲು ಕೂಗು ಹಾಕುತ್ತೇವೆ. ಟಾರ್ಚು ಬಿಡುತ್ತೇವೆ. ಅದಕ್ಕೂ ಜಗ್ಗದಿದ್ದರೆ ಗರ್ನಾಲು ಸಿಡಿಸುತ್ತೇವೆ. ಪರವಾನಗಿಯ ಕೋವಿ ಮನೆಯಲ್ಲಿದ್ದರೂ ಅದನ್ನು ಗೋಡೆಯಿಂದ ಇಳಿಸುವುದು ಎಲ್ಲದರ ಕೊನೆಗೆ. ಕಾಸರಗೋಡಿನ ಯಾವ ಕೃಷಿಕನಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಹಂದಿಗೆ ಸಿಗುವ ಈ ಸಾವಧಾನ ಪ್ರತಿಭಟನೆಗೆ ಬೀದಿಗಿಳಿದ ಮನುಷ್ಯನಿಗೂ ಪೊಲೀಸರಿಂದ ಸಿಗಬೇಕು ಎಂಬುದಷ್ಟೇ ಇಂದಿನ ನನ್ನ ಮಾತು.

ಕೆಲವು ವರ್ಷಗಳ ಹಿಂದೆ ವಿದ್ಯಾನಗರದಲ್ಲಿ ನಮ್ಮ ಜಿಲ್ಲಾಧಿಕಾರಿ ಕಚೇರಿ ಇರುವ ಸಿವಿಲ್ ಸ್ಟೇಷನ್ ಮುಂದೆ ಒಂದು ಮೆರವಣಿಗೆಯನ್ನು ನೋಡುತ್ತಾ ನಿಂತಿದ್ದೆ. ಹಗ್ಗ ಬಿಗಿದ ಬ್ಯಾರಿಕೇಡನ್ನು ಹುಡುಗರು ಅಲುಗಾಡಿಸತೊಡಗಿದರು. ಹಿಂದಿನಿಂದ ನೂಕುನುಗ್ಗಲು ಹೆಚ್ಚಿತು. ಅಷ್ಟರಲ್ಲಿ ಜಲಫಿರಂಗಿಯ ನೀರು ಬಂತು. ಐದು ನಿಮಿಷದಲ್ಲಿ ರಸ್ತೆಯಲ್ಲಿ ಉಳಿದದ್ದು ಒಂಟಿ ಚಪ್ಪಲಿಗಳು, ಮುರಿದ ಬಾವುಟದ ಕೋಲುಗಳು. ಒಬ್ಬ ಹುಡುಗ ತೊಯ್ದ ಬೈರಾಸನ್ನು ಹಿಂಡಿ ಮುಖ ಒರೆಸಿಕೊಂಡು ಎದುರಿನ ಅಂಗಡಿಯಲ್ಲಿ ಚಹಾ ಕೇಳಿದ. ಸ್ವಲ್ಪ ಹೊತ್ತಿಗೆ ಹೆಲ್ಮೆಟ್ ಕಳಚಿ ಪೇದೆಯೊಬ್ಬನೂ ಅಲ್ಲಿಗೇ ಬಂದ. ಇಬ್ಬರೂ ಅಂದು ಸಂಜೆ ಮನೆಗೆ ಹೋದರು.

ತಮಿಳುನಾಡಿನ ತೂತ್ತುಕುಡಿಯಲ್ಲೂ 2018ರ ಮೇ ತಿಂಗಳಲ್ಲಿ ಜನ ಹೊರಟಿದ್ದು ಜಿಲ್ಲಾಧಿಕಾರಿ ಕಚೇರಿಗೇ. ತಾಮ್ರದ ಕಾರ್ಖಾನೆ ಬೇಡವೆಂಬುದು ಅವರ ಕೂಗು. ಅಲ್ಲಿ ಗೋಲೀಬಾರಿಗೆ 13 ಮಂದಿ ಬಲಿಯಾದರು. ನಾವು ಆಸ್ಪತ್ರೆಗೆ, ಕಾಲೇಜಿಗೆ ನಿತ್ಯ ಹೋಗಿಬರುವ ಮಂಗಳೂರಿನಲ್ಲಿ 2019ರ ಡಿಸೆಂಬರ್ 19ರಂದು ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ತಪ್ಪು ಯಾರದೆಂಬ ಚರ್ಚೆ ಎಷ್ಟು ದಿನ ಬೇಕಾದರೂ ನಡೆಯಲಿ, ಹೋದವರು ಬರುವುದಿಲ್ಲ.

ಪೊಲೀಸರ ಭಯವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ನಮ್ಮದೇ ಜಿಲ್ಲೆಯ ಕಯ್ಯೂರಿನಲ್ಲಿ 1941ರ ಮಾರ್ಚ್‌ನಲ್ಲಿ ರೈತರ ಮೆರವಣಿಗೆಯ ನಡುವೆ ಒಬ್ಬಂಟಿಯಾಗಿ ಸಿಕ್ಕಿಬಿದ್ದ ಪೇದೆಯೊಬ್ಬ ಹೊಳೆಗೆ ಹಾರಿ ಪ್ರಾಣ ಕಳೆದುಕೊಂಡ. ಅದಕ್ಕಾಗಿ 1943ರಲ್ಲಿ ನಾಲ್ವರು ತರುಣರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಆ ನಾಲ್ವರನ್ನು ನೆನೆಯುವ ನಾವು ಆ ಪೇದೆಯನ್ನೂ ನೆನೆಯಬೇಕು. ಕಲ್ಲು ತೂರುವ ಗುಂಪಿನ ಎದುರು ನಿಂತವನ ಒಂದು ಕೈಯಲ್ಲಿ ಲಾಠಿ, ಇನ್ನೊಂದು ಕೈಯಲ್ಲಿ ಬಂದೂಕು ಮಾತ್ರ ಇದ್ದರೆ, ಲಾಠಿ ಸಾಲದೆ ಹೋದ ಕ್ಷಣದಲ್ಲಿ ಅವನಿಗೆ ಉಳಿಯುವುದು ಬಂದೂಕೊಂದೇ. ನಡುವೆ ಏನಾದರೂ ಇರಬೇಕು. 1990ರಲ್ಲಿ ಹವಾನಾದಲ್ಲಿ ಸೇರಿದ ವಿಶ್ವಸಂಸ್ಥೆಯ ಸಮ್ಮೇಳನ ಒಪ್ಪಿದ ತತ್ತ್ವಗಳಲ್ಲೂ ಇದೇ ಇದೆ: ಪ್ರಾಣ ತೆಗೆಯದ ಆಯುಧಗಳನ್ನು ಪೊಲೀಸರಿಗೆ ಕೊಡಿ, ಜೊತೆಗೆ ಗುರಾಣಿ, ಹೆಲ್ಮೆಟ್ಟುಗಳನ್ನೂ ಕೊಡಿ. ಮೈಗೆ ರಕ್ಷಣೆ ಇರುವವನ ಬೆರಳು ಬಂದೂಕಿನ ಕುದುರೆಯ ಮೇಲೆ ಅವಸರಪಡುವುದಿಲ್ಲ. ಅಶ್ರುವಾಯುವಿಗೆ ನಾವು ಹೊರದೇಶವನ್ನು ಕಾಯಬೇಕಾಗಿಯೂ ಇಲ್ಲ. ಗಡಿ ಭದ್ರತಾ ಪಡೆಯ ಘಟಕವೊಂದು ಗ್ವಾಲಿಯರ್ ಬಳಿಯ ಟೇಕನ್‌ಪುರದಲ್ಲಿ ಅದನ್ನು ತಯಾರಿಸುತ್ತಿದೆ.

ಆದರೆ ಪ್ರಾಣ ತೆಗೆಯದ ಆಯುಧವೆಂಬ ಹೆಸರನ್ನು ಪೂರ್ತಿ ನಂಬಬೇಡಿ. ಉತ್ತರ ಐರ್ಲೆಂಡಿನಲ್ಲಿ ರಬ್ಬರ್ ಮತ್ತು ಪ್ಲಾಸ್ಟಿಕ್ ಗುಂಡುಗಳಿಗೆ 17 ಮಂದಿ ಬಲಿಯಾದರು. 2016ರಲ್ಲಿ ಕಾಶ್ಮೀರದಲ್ಲಿ ಪೆಲೆಟ್ ಗನ್ನಿನ ಸಣ್ಣ ಸೀಸದ ಚೂರುಗಳು ಮಕ್ಕಳ ಕಣ್ಣುಗಳನ್ನೂ ಕಿತ್ತುಕೊಂಡವು. ಒಂದು ಬಾರಿಗೆ ನೂರಾರು ಚೂರು ಚೆಲ್ಲುವ ಆಯುಧಕ್ಕೆ ಗುರಿ ಎಂಬುದೇ ಇಲ್ಲ. ಅದು ಯಾವ ಠಾಣೆಯಲ್ಲೂ ಇರಕೂಡದು. ಅಶ್ರುವಾಯುವಿನ ಶೆಲ್ಲನ್ನು ಮೇಲಕ್ಕೆ ಹಾರಿಸದೆ ನೇರವಾಗಿ ತಲೆಗೆ ಹೊಡೆದರೆ ಅದೂ ಕೊಲ್ಲುತ್ತದೆ. ಲಾಠಿಯೂ ಅಷ್ಟೆ. ಹಾಗಾಗಿ ತರಬೇತಿ ಬೇಕು, ಬಳಸಿದ ಪ್ರತಿಯೊಂದು ಸಲಕ್ಕೂ ಲೆಕ್ಕ ಬೇಕು. ಕೊಲ್ಲುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ ಶಾಂತವಾಗಿ ಕುಳಿತವರ ಮೇಲೂ ಪ್ರಯೋಗಿಸಿದರೆ ಅದು ಕ್ರೌರ್ಯವೇ.

ಇನ್ನು, ಎಲ್ಲ ಆಯುಧಗಳಿಗೂ ಮೊದಲಿನದು ಮಾತು. ಚದುರಿ ಹೋಗಿ ಎಂದು ಎಚ್ಚರಿಸದೆ ಬಲ ಬಳಸಬಾರದು. ಆ ಎಚ್ಚರಿಕೆ ಯಾವ ಭಾಷೆಯಲ್ಲಿ? ‘ಪಿರಿಞ್ಞು ಪೋಕಣಂ’ ಎಂದು ಮಲಯಾಳದಲ್ಲಿ ಮೈಕಿನಲ್ಲಿ ಕೂಗಿದರೆ ಮುಂದಿನ ಸಾಲಿನ ಮುಖಂಡನಿಗೆ ತಿಳಿಯುತ್ತದೆ. ಗದ್ದಲದ ನಡುವೆ, ಹಿಂದೆಲ್ಲೋ ನಿಂತ, ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಮಾತ್ರ ಆಡಿ ಬೆಳೆದ ಅಜ್ಜಿಗೆ? ತಿಳಿಯದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ಸಪ್ತಭಾಷೆಗಳ ನಾಡು ಎಂದು ವೇದಿಕೆಗಳಲ್ಲಿ ಹೆಮ್ಮೆಪಡುತ್ತೇವೆ. ಆ ಹೆಮ್ಮೆ ಪೊಲೀಸ್ ಜೀಪಿನ ಮೈಕಿಗೂ ತಲುಪಬೇಕು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಆದೂರು ಠಾಣೆಗಳ ಜೀಪಿನಲ್ಲಿ ಕನ್ನಡ ಮತ್ತು ತುಳುವಿನಲ್ಲಿ ಮೊದಲೇ ಧ್ವನಿಮುದ್ರಿಸಿದ ಎಚ್ಚರಿಕೆ ಇಟ್ಟುಕೊಳ್ಳಲು ದೊಡ್ಡ ಖರ್ಚೇನೂ ಇಲ್ಲ.

ಪೊಲೀಸರೂ ಊರವರೂ ಕೂಡಿ ಮಾತಾಡುವ ಜನಮೈತ್ರಿ ಸಭೆಗೆ ನಿಮ್ಮ ಊರಿನ ಠಾಣೆಯವರು ಕರೆದರೆ ತಪ್ಪದೆ ಹೋಗಿ. ಬೀದಿದೀಪ, ಕಳ್ಳತನದ ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಕೇಳಿ. ಲಾಠಿಗೂ ಬಂದೂಕಿಗೂ ನಡುವೆ ನಿಮ್ಮ ಠಾಣೆಯಲ್ಲಿ ಏನಿದೆ? ನಿಮ್ಮ ಮೈಕು ಯಾವ ಯಾವ ಭಾಷೆ ಆಡುತ್ತದೆ? ನಮ್ಮ ಠಾಣೆಯ ಮುಂದಿನ ಸಭೆಯಲ್ಲಿ ನಾನೂ ಎದ್ದು ನಿಂತು ಇದನ್ನೇ ಕೇಳುತ್ತೇನೆ.

ನಮಸ್ಕಾರ.