ಬಕೆಟ್ ಬುಡದ ಚುಕ್ಕೆ

ಕೇಳುಗರಿಗೆ ನಮಸ್ಕಾರ. ಕೈಗೆ ಸಿಗೋ ಪ್ಲಾಸ್ಟಿಕ್ ಬಕೆಟ್ ಒಂದನ್ನ ಬೋರಲು ಹಾಕಿ ಬುಡ ಸವರಿ ನೋಡಿ, ಸಾಮಾನ್ಯವಾಗಿ ನಡುವಲ್ಲೊಂದು ಗಂಟು ಥರ ಚುಕ್ಕೆ ಸಿಗುತ್ತೆ. ಅದೇ ಗೇಟ್, ಕರಗಿದ ಪ್ಲಾಸ್ಟಿಕ್ ಮೋಲ್ಡ್ ಒಳಗೆ, ಅಂದ್ರೆ ಉಕ್ಕಿನ ಅಚ್ಚಿನೊಳಗೆ, ನುಗ್ಗಿದ ಬಾಗಿಲು. ಅದು ಎಲ್ಲಿರಬೇಕು ಅಂತ ಮೊದಲು ಅನುಭವಸ್ಥರ ಅಂದಾಜೇ ಹೇಳ್ತಿತ್ತು, ತಪ್ಪಿದ್ರೆ ಕೊರೆದ ಉಕ್ಕನ್ನೇ ಮತ್ತೆ ಕೊರೀಬೇಕು. ಈಗ ಉಕ್ಕು ಮುಟ್ಟೋಕೆ ಮುಂಚೆನೇ ಕಂಪ್ಯೂಟರಲ್ಲಿ ತುಂಬಿಸಿ ನೋಡ್ತಾರೆ, ಇದಕ್ಕೆ ಸಿಮ್ಯುಲೇಶನ್ ಅಂತಾರೆ, 1978ರಲ್ಲಿ ಆಸ್ಟ್ರೇಲಿಯಾದಲ್ಲಿ ಕಾಲಿನ್ ಆಸ್ಟಿನ್ ಶುರುಮಾಡಿದ ಮೋಲ್ಡ್‌ಫ್ಲೋ ಅನ್ನೋ ಕಂಪನಿ ಇದಕ್ಕೆ ದಾರಿ ಹಾಕಿದ್ದು.

ಒಳಗೆ ನಡೆಯೋದು ಮಜಾ ಇದೆ. ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ ಕರಗಿ ಸುಮಾರು 230 ಡಿಗ್ರಿಲಿ ಬರುತ್ತೆ, ಮೋಲ್ಡ್ ಗೋಡೆ 40ರ ಆಸುಪಾಸು, ಹಾಗಾಗಿ ಗೋಡೆಗೆ ತಾಗಿದ್ದು ತಾಗಿದಲ್ಲೇ ಹೆಪ್ಪುಗಟ್ಟಿ ಸಿಪ್ಪೆ ಆಗುತ್ತೆ, ಬಿಸಿ ಪ್ಲಾಸ್ಟಿಕ್ ಆ ಸಿಪ್ಪೆಯ ನಡುವೆ ಓಡ್ತಾ ತುದೀಲಿ ಕಾರಂಜಿ ಥರ ಗೋಡೆ ಕಡೆ ಹೊರಳುತ್ತೆ, ಜೋರಾಗಿ ತಳ್ಳಿದಷ್ಟೂ ತೆಳ್ಳಗಾಗಿ ಸಲೀಸಾಗಿ ಹರಿಯುತ್ತೆ, ತಿಕ್ಕಾಟಕ್ಕೆ ತಾನೇ ಕಾಯುತ್ತೆ ಬೇರೆ. ಶಾಖಕ್ಕೂ ಹರಿವಿಗೂ ಹೀಗೆ ಗಂಟುಬಿದ್ದಿರೋದ್ರಿಂದ ಒಂದನ್ನ ಬಿಟ್ಟು ಇನ್ನೊಂದರ ಲೆಕ್ಕ ಆಗಲ್ಲ, ಆಕಾರವನ್ನ ಸಾವಿರಾರು, ಲಕ್ಷಾಂತರ ಚೂರು ಮಾಡಿ, ಅದಕ್ಕೆ ಮೆಶ್ ಅಂತಾರೆ, ಪ್ರತಿ ಚೂರಲ್ಲೂ ಒತ್ತಡ, ವೇಗ, ಉಷ್ಣತೆ ಕ್ಷಣಕ್ಷಣಕ್ಕೂ ಬಿಡಿಸಬೇಕು.

ತೂತಿರೋ ಮುಚ್ಚಳ ತಗೊಳಿ. ಹರಿವು ತೂತಿನ ಸುತ್ತ ಎರಡಾಗಿ ಒಡೆದು ಆಚೆ ಬದಿ ಸೇರುತ್ತೆ, ಅಷ್ಟರಲ್ಲಿ ಮುಂಭಾಗ ತಣ್ಣಗಾಗಿರುತ್ತೆ, ಸರಿಯಾಗಿ ಬೆಸೆಯಲ್ಲ, ಕೂದಲೆಳೆ ಥರ ಗೆರೆ ಉಳಿಯುತ್ತೆ. ಇದು ವೆಲ್ಡ್ ಲೈನ್, ಭಾರ ಬಿದ್ರೆ ಬಿರುಕು ಬಿಡೋದು ಹೆಚ್ಚಾಗಿ ಇಲ್ಲೇ. ತೂತಿದ್ದ ಮೇಲೆ ಸಾಮಾನ್ಯವಾಗಿ ಗೆರೆ ತಪ್ಪಲ್ಲ, ಆದ್ರೆ ಗೇಟ್ ಸರಿಸಿ ಗೆರೆಯನ್ನ ಭಾರ ಬೀಳದ ಜಾಗಕ್ಕೆ ತಳ್ಳಬಹುದು, ಸಿಮ್ಯುಲೇಶನ್ನಿನ ನಿಜವಾದ ಲಾಭ ನನ್ನ ಪ್ರಕಾರ ಇದು.

ಇನ್ನು ತಣಿಸೋದು. ಸೈಕಲ್ ಟೈಮಲ್ಲಿ, ಅಂದ್ರೆ ಒಂದು ಪಾರ್ಟು ತಯಾರಾಗೋಕೆ ಹಿಡಿಯೋ ಒಟ್ಟು ಹೊತ್ತಲ್ಲಿ, ಅರ್ಧಕ್ಕಿಂತ ಹೆಚ್ಚು ಸಾಮಾನ್ಯವಾಗಿ ಇದಕ್ಕೇ ಹೋಗುತ್ತೆ, 2 ಮಿಲಿಮೀಟರ್ ಗೋಡೆಯನ್ನ 4 ಮಾಡಿದ್ರೆ ತಣಿಯೋಕೆ ಎರಡು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟು ಹೊತ್ತು ಬೇಕು.

ಸಿಮ್ಯುಲೇಶನ್ನಿನ ಬಣ್ಣದ ಚಿತ್ರ ನೋಡಿ ಮರುಳಾಗೋರೂ ಇದ್ದಾರೆ, ನಾನೂ ಆಗಿದ್ದೆ. ಸ್ಕ್ರೀನಲ್ಲಿ ಮೂಲೆಮೂಲೆಯೂ ತುಂಬಿದ ಪಾರ್ಟು ಮೆಷಿನ್ನಲ್ಲಿ ತುದಿ ತುಂಬದೆ ಮೊಂಡಾಗಿ ಹೊರಗೆ ಬಿತ್ತು. ಎರಡು ದಿನ ಮೆಶ್ ಬಯ್ಕೊಂಡು ಕೂತೆ. ಕೊನೆಗೆ ನೋಡಿದ್ರೆ ನಾನು ಕಂಪ್ಯೂಟರಲ್ಲಿ ಆರಿಸಿದ್ದ ಪ್ಲಾಸ್ಟಿಕ್ ಗ್ರೇಡು ನೀರಿನಂಗೆ ಹರಿಯೋದು, ಮೆಷಿನ್ನಿಗೆ ಕಾಳು ಸುರಿಯೋ ಹಾಪರಲ್ಲಿ ಸುರಿದಿದ್ದು ಅದಕ್ಕಿಂತ ಎಷ್ಟೋ ಗಟ್ಟಿದು.