ಒಂದೇ ಹಾಳೆ ಕೊಡಿ

ರೇಡಿಯೋ ಕೇಳುಗರಿಗೆ ನಮಸ್ಕಾರ. ಮುಖ್ಯವಾಗಿ ಮೇಷ್ಟ್ರುಗಳಿಗೆ, ಟೀಚರುಗಳಿಗೆ. ನಾನು ಹೇಳಲು ಬಂದಿರುವುದು ಒಂದೇ ಮಾತು. ಚಿತ್ರ ಬರೆಯಲು ಮಕ್ಕಳಿಗೆ ತಲೆಗೊಂದು ಹಾಳೆ ಹಂಚಬೇಡಿ. ಎಲ್ಲರಿಗೂ ಸೇರಿ ಒಂದೇ ಹಾಳೆ ಕೊಡಿ.

ನಾನು ಡ್ರಾಯಿಂಗ್ ಮೇಷ್ಟ್ರು. ಒಮ್ಮೆ ಆರನೇ ಕ್ಲಾಸಿನಲ್ಲಿ ಗೋಡೆಯುದ್ದದ ಹಾಳೆ ಹಾಸಿ, 'ನಿಮ್ಮ ಕ್ಲಾಸನ್ನೇ ಬರೆಯಿರಿ' ಅಂದೆ. ಒಬ್ಬ ಹುಡುಗಿ, 'ಸಾರ್, ಸ್ಕಿನ್ ಕಲರ್ ಎಲ್ಲಿ?' ಅಂದಳು. ಅದೇ, ಡಬ್ಬಿಯಲ್ಲಿರುವ ತಿಳಿ ಗುಲಾಬಿ ಕ್ರೇಯಾನ್. ಅಮೆರಿಕದ ಕ್ರಯೋಲಾ ಕಂಪನಿ ಅದರ 'ಫ್ಲೆಶ್' ಅನ್ನುವ ಹೆಸರನ್ನು 1962ರಲ್ಲೇ ತೆಗೆದು 'ಪೀಚ್' ಅಂತ ಮಾಡಿತು. ನಮ್ಮ ಮಕ್ಕಳ ಬಾಯಿಂದ ಇನ್ನೂ ಹೋಗಿಲ್ಲ! ಕೈ ಪಕ್ಕ ಇಟ್ಟು ನೋಡಿ ಅಂದೆ. 40 ಮಕ್ಕಳಲ್ಲಿ ಒಬ್ಬರಿಗೂ ಹೊಂದಲಿಲ್ಲ.

ಸರಿ, ಕೆಂಪು, ಹಳದಿ, ನೀಲಿ, ಬಿಳಿ, ನಾಲ್ಕೇ ಬಾಟಲಿ ಇಟ್ಟೆ. ತನ್ನ ಬಣ್ಣ ತಾನು ಕಲಸುವಂತಿಲ್ಲ, ಪಕ್ಕದವರದ್ದು ಕಲಸಬೇಕು. ಅವಳ ಪಕ್ಕ ಇಟ್ಟಿಗೆ ಗೂಡಿನ ಕೆಲಸಕ್ಕೆ ಬಂದವರ ಮಗ. ಕನ್ನಡ ಅಷ್ಟಕ್ಕಷ್ಟೇ. ಎರಡು ತಿಂಗಳಾದರೂ ಅವನ ಜೊತೆ ಅವಳು ಮಾತಾಡಿರಲಿಲ್ಲ. ಕೆಂಪು, ಹಳದಿಗೆ ಚೂರು ನೀಲಿ ಸೇರಿಸಿದರೆ ಕಂದು ಬರುತ್ತದೆ. ಇವಳು ನೀಲಿ ಜಾಸ್ತಿ ಸುರಿದಳು. ಪಾಚಿ ಬಣ್ಣ ಬಂತು. ಅವನು ಕಿಸಕ್ಕನೆ ನಕ್ಕು, ಕೆಂಪು ಬಾಟಲಿಯನ್ನು ಅವಳ ಕಡೆ ತಳ್ಳಿದ. ಆಮೇಲೆ ಹನಿ ಹಾಕುವುದು, ಅವನ ಕೈ ನೋಡುವುದು, ಅರ್ಧ ಗಂಟೆ ಇದೇ. ಬೆರಳಿನ ಗೆಣ್ಣಿಗೆ ಬೇರೆ ಬಣ್ಣ, ಅಂಗೈಗೆ ಬೇರೆ. ಮಣಿಕಟ್ಟಿನ ಮೇಲೊಂದು ಕಲೆ.

'ಇದೇನೋ?'

'ಬಿಸಿ ಇಟ್ಟಿಗೆ.'

ಅವಳು ಎದ್ದು ನನ್ನ ಹತ್ತಿರ ಬಂದಳು. 'ಸಾರ್, ಕಲೆಗೂ ಬೇರೆ ಬಣ್ಣ ಕಲಸಬೇಕಲ್ವಾ?'

ತಲೆಗೊಂದು ಹಾಳೆ ಕೊಟ್ಟಿದ್ದರೆ? ಅವಳು ಒಂದು ಗುಲಾಬಿ ಬೊಂಬೆ ಬರೆದು ಸುಮ್ನೆ ಮನೆಗೆ ಹೋಗುತ್ತಿದ್ದಳು.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳುತ್ತೇನೆ. 'ಕಿಡ್ಸ್ ಗೆರ್ನಿಕಾ' ಅಂತ ಮಕ್ಕಳ ಚಿತ್ರದ ಕಾರ್ಯಕ್ರಮ ಒಂದಿದೆ, 1995ರಲ್ಲಿ ಜಪಾನಿನವರು ಶುರು ಮಾಡಿದ್ದು. ಚಿತ್ರಕಾರ ಪಿಕಾಸೋ 1937ರಲ್ಲಿ ಬರೆದ 'ಗೆರ್ನಿಕಾ' ಅನ್ನುವ ಯುದ್ಧದ ಚಿತ್ರದಷ್ಟೇ ದೊಡ್ಡ ಬಟ್ಟೆ, ಏಳೂಮುಕ್ಕಾಲು ಮೀಟರ್ ಉದ್ದ. ಅದರ ಮೇಲೆ ದೇಶ ದೇಶದ ಮಕ್ಕಳು ಸೇರಿ ಶಾಂತಿಯ ಚಿತ್ರ ಬರೆಯುತ್ತಾರೆ. ಅಷ್ಟು ದೊಡ್ಡದನ್ನು ಒಬ್ಬರೇ ತುಂಬಿಸಲು ಆಗುತ್ತದಾ ಹೇಳಿ?

ಇನ್ನು ಬಹುಮಾನ. ದಯವಿಟ್ಟು ಬೇಡ. ಒಂದೇ ಹಾಳೆ ಇದ್ದಾಗ ಫಸ್ಟ್ ಪ್ರೈಜ್ ಯಾರಿಗೆ ಕೊಡುತ್ತೀರಿ?

ದೊಡ್ಡ ಹಾಳೆಗೆ ದುಡ್ಡಿಲ್ಲ ಅನ್ನಬೇಡಿ. ಹಳೇ ಕ್ಯಾಲೆಂಡರುಗಳ ಹಿಂಬದಿ ಖಾಲಿ ಇರುತ್ತದೆ. ಸಾಲಾಗಿ ಜೋಡಿಸಿ ಅಂಟಿಸಿ. ಮೈದಾ ಅಂಟು ಸಾಕು. ನಮಸ್ಕಾರ.