ಫಾಂಟ್ ಹಾಕಿದ್ದಾಯ್ತು, ಪಟ್ಟಿಯಲ್ಲಿ ಯಾಕಿಲ್ಲ?

[ಪರದೆ: ಎಡಗಡೆ ವಿಂಡೋಸ್‌ನ ಫಾಂಟ್ಸ್ ಕಿಟಕಿ, ಅದರಲ್ಲಿ ‘ಬಲೂ ತಮ್ಮ 2’. ಬಲಗಡೆ ಒಂದು ಡಿಸೈನ್ ತಂತ್ರಾಂಶದ ಫಾಂಟ್ ಪಟ್ಟಿ. ಅದರಲ್ಲಿ ಆ ಹೆಸರಿಲ್ಲ.]

ನಮಸ್ಕಾರ. ಪರದೆ ನೋಡಿ. ಎಡಗಡೆ ವಿಂಡೋಸ್ ‘ಫಾಂಟ್ ಇದೆ’ ಅಂತಿದೆ. ಬಲಗಡೆ ತಂತ್ರಾಂಶ ‘ಅದ್ಯಾರು, ನಂಗೊತ್ತಿಲ್ಲ’ ಅಂತಿದೆ.

ಮಂಡ್ಯದ ಪೇಟೆ ಬೀದಿ ಕಡೆಯ ಡಿಟಿಪಿ ಅಂಗಡಿ ಹುಡುಗನೊಬ್ಬ ಕಳಿಸಿದ ಆಡಿಯೋ ಕೇಳಿ: “ಅಣ್ಣಾ, ಮೇಲುಕೋಟೆ ವೈರಮುಡಿಗೆ ಫ್ಲೆಕ್ಸ್ ಕೊಡ್ಬೇಕು, ಪಾರ್ಟಿ ಅಂಗಡೀಲೇ ಕೂತವ್ರೆ. ಫಾಂಟ್ ಹಾಕಿದ್ರೂ ಬತ್ತಾ ಇಲ್ಲ ಕಣಣ್ಣ. ತೆಗ್ದು ತೆಗ್ದು ಹಾಕ್ತಾ ಇವ್ನಿ.”

ತಮ್ಮಾ, ಮೊದಲು ತೆಗೆದು ಹಾಕೋದು ನಿಲ್ಲಿಸು. ಅದೇ ಫೈಲನ್ನ ಅದೇ ರೀತಿ ಎಷ್ಟು ಸಲ ಹಾಕಿದ್ರೂ ಅದು ಹೋಗಿ ಕೂರೋದು ಅದೇ ಜಾಗದಲ್ಲಿ. ‘ಫಾಂಟ್ ಬರ್ತಿಲ್ಲ’ ಅನ್ನೋ ಒಂದೇ ಮಾತಲ್ಲಿ ಎರಡು ಬೇರೆ ಬೇರೆ ತೊಂದರೆ ಇರುತ್ತೆ. ಒಂದು, ಪಟ್ಟಿಯಲ್ಲಿ ಹೆಸರೇ ಇಲ್ಲ. ಇನ್ನೊಂದು, ಹೆಸರಿದೆ, ಆರಿಸಿದ್ರೆ ಅಕ್ಷರ ಮಾತ್ರ ಬದಲಾಗ್ತಿಲ್ಲ. ಇವೆರಡಕ್ಕೂ ಮದ್ದು ಬೇರೆ. ನಿಮ್ಮದು ಯಾವುದು ಅಂತ ಗೊತ್ತಾಗದೆ ಕೈ ಹಾಕಿದ್ರೆ ಮಧ್ಯಾಹ್ನ ಪೂರ್ತಿ ಹೋಗುತ್ತೆ, ಪಾರ್ಟಿನೂ ಎದ್ದು ಹೋಗ್ತಾರೆ.

[ಪರದೆ: ಪಟ್ಟಿಯನ್ನು ನಿಧಾನವಾಗಿ ಕೆಳಗೆ ಸರಿಸುವುದು]

ಹೆಸರೇ ಇಲ್ಲ ಅನ್ನೋರು ಮೊದಲು ಯಾವ ಹೆಸರು ಹುಡುಕ್ತಿದ್ದೀರಿ ಅಂತ ನೋಡ್ಕೊಳ್ಳಿ. ಫೈಲಿನ ಹೆಸರು, ಫಾಂಟಿನ ಹೆಸರು ಒಂದೇ ಆಗಿರಬೇಕು ಅಂತೇನಿಲ್ಲ. ‘ಬರಹ’ ಅನ್ನೋ ಕನ್ನಡ ತಂತ್ರಾಂಶದ ಫಾಂಟ್ ಹುಡುಕೋರು ಪಟ್ಟಿಯಲ್ಲಿ ‘ಬರಹ’ ಅಂತ ಹುಡುಕ್ತಾರೆ, ಅಲ್ಲಿರೋದು ‘ಬಿಆರ್‌ಎಚ್ ಕನ್ನಡ’. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ, ತೆರೆದ ಕಿಟಕಿಯ ಮೇಲ್ಗಡೆ ಬರೆದಿರೋದೇ ಅಸಲಿ ಹೆಸರು. ಪಟ್ಟಿಯಲ್ಲಿ ಹುಡುಕಬೇಕಾದ್ದು ಅದನ್ನ.

‘ಸಾವಿರ ಕನ್ನಡ ಫಾಂಟ್’ ಅಂತ ಓಡಾಡೋ ಜಿಪ್ ಫೈಲುಗಳಿವೆಯಲ್ಲ, ಅವುಗಳ ಸಹವಾಸವೇ ಬೇಡ. ಬೇರೆ ಬೇರೆ ಫೈಲು, ಒಳಗೆ ಎಲ್ಲದಕ್ಕೂ ಒಂದೇ ಹೆಸರು. ಒಂದರ ಮೇಲೊಂದು ಹಾಕಿದಾಗ ಪಟ್ಟಿಯಲ್ಲಿ ಒಂದೇ ಕಾಣುತ್ತೆ, ಅದು ಯಾವುದು ಅಂತ ದೇವರಿಗೇ ಗೊತ್ತು.

[ಪರದೆ: ಫಾಂಟ್ ಫೈಲ್ ಮೇಲೆ ರೈಟ್ ಕ್ಲಿಕ್. ಮೆನುವಿನಲ್ಲಿ ‘ಇನ್‌ಸ್ಟಾಲ್’, ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’. ಎರಡನೆಯದಕ್ಕೆ ಕೆಂಪು ಸುತ್ತು.]

ಹೆಸರು ಸರಿಯಾಗಿದೆ, ಆದ್ರೂ ಇಲ್ಲ ಅಂದ್ರೆ ನನ್ನ ಮೊದಲ ಅನುಮಾನ ಇದರ ಮೇಲೆ. 2018ರ ಕೊನೆಗೆ ವಿಂಡೋಸ್ 10ರ 1809 ಅನ್ನೋ ಆವೃತ್ತಿ ಬಂತು. ಅದಕ್ಕೂ ಮುಂಚೆ ಫಾಂಟ್ ಹಾಕೋಕೆ ಅಡ್ಮಿನ್ ಅನುಮತಿ ಬೇಕಿತ್ತು, ಹಾಕಿದ ಫಾಂಟ್ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಅನ್ನೋ ಫೋಲ್ಡರಿಗೆ ಹೋಗ್ತಿತ್ತು. ಅಲ್ಲಿಂದ ಮುಂದೆ ಸುಮ್ನೆ ‘ಇನ್‌ಸ್ಟಾಲ್’ ಒತ್ತಿದ್ರೆ ಅದು ಆವತ್ತು ಲಾಗಿನ್ ಆಗಿರೋ ಒಬ್ಬರಿಗೆ ಮಾತ್ರ ಸೇರುತ್ತೆ. ಫೈಲ್ ಹೋಗಿ ಕೂರೋದು ಆ ಬಳಕೆದಾರರ ‘ಆಪ್‌ಡೇಟಾ’ ಒಳಗಿನ ಇನ್ನೊಂದು ಫಾಂಟ್ಸ್ ಫೋಲ್ಡರಿನಲ್ಲಿ. ಪಡಸಾಲೆಯಲ್ಲಿಟ್ಟ ನೀರಿನ ಕೊಡ ಮನೆಗೆ ಬಂದವರಿಗೆಲ್ಲ ಕಾಣುತ್ತೆ, ನಿಮ್ಮ ಕೋಣೆಯಲ್ಲಿಟ್ಟಿದ್ದು ನಿಮಗಷ್ಟೇ. ಹಾಗೆ.

ಕಂಟ್ರೋಲ್ ಪ್ಯಾನೆಲ್‌ನ ಫಾಂಟ್ಸ್ ಕಿಟಕಿ ಎರಡೂ ಕಡೆಯದನ್ನ ಒಟ್ಟಿಗೇ ತೋರಿಸುತ್ತೆ. ಅದಕ್ಕೇ ನಿಮಗೆ ‘ಹಾಕಿದ್ದೀನಲ್ಲ’ ಅನ್ಸೋದು. ವರ್ಡ್ ಸಾಮಾನ್ಯವಾಗಿ ಎರಡನ್ನೂ ಓದ್ಕೊಳ್ಳುತ್ತೆ. ಹಳೆ ತಂತ್ರಾಂಶಗಳಲ್ಲಿ ಕೆಲವು ಪಡಸಾಲೆಯನ್ನ ಮಾತ್ರ ನೋಡ್ತವೆ. ಚಿತ್ರ ಬಿಡಿಸೋ ಇಂಕ್‌ಸ್ಕೇಪ್‌ನ 0.92 ಆವೃತ್ತಿ ಹಾಗೇ ಇತ್ತು. ಅಂಗಡಿಯಲ್ಲಿ ಬೆಳಗ್ಗೆ ಒಬ್ಬರು, ಸಂಜೆ ಒಬ್ಬರು ಬೇರೆ ಬೇರೆ ಲಾಗಿನ್‌ನಲ್ಲಿ ಕೂರ್ತಾರೆ ಅಂದ್ರೂ ಇದೇ ಕತೆ: ಬೆಳಗಿನವರು ಹಾಕಿದ್ದು ಸಂಜೆಯವರಿಗೆ ಇಲ್ಲ.

ಸರಿ ಮಾಡೋದು ಸುಲಭ. ಮೊದಲು ಹಾಕಿದ್ದನ್ನ ಫಾಂಟ್ಸ್ ಕಿಟಕಿಯಿಂದ ತೆಗೀರಿ. ತಂತ್ರಾಂಶ ಮುಚ್ಚಿ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಒತ್ತಿ. ವಿಂಡೋಸ್ 11ರಲ್ಲಿ ಇದು ಕಾಣದಿದ್ರೆ ಮೆನುವಿನ ಕೊನೆಯ ‘ಶೋ ಮೋರ್ ಆಪ್ಷನ್ಸ್’ ಒತ್ತಿ, ಒಳಗಿರುತ್ತೆ. ಅಡ್ಮಿನ್ ಪಾಸ್‌ವರ್ಡ್ ಕೇಳಿದ್ರೆ ಮಾಲೀಕರನ್ನ ಕರೀರಿ. ಹಾಂ, ಜಿಪ್ ಒಳಗಿಂದಲೇ ಮಾಡೋಕೆ ಹೋಗಬೇಡಿ. ಹೊರಗೆ ಬಿಚ್ಚಿಕೊಂಡು ಮಾಡಿ.

ಪೆನ್‌ಡ್ರೈವ್‌ದು ಇನ್ನೊಂದು ಗೋಳು. ಫಾಂಟ್ ಸೆಟ್ಟಿಂಗ್ಸ್‌ನಲ್ಲಿ, ಫೈಲನ್ನ ನಕಲು ಮಾಡ್ಕೊಳ್ಳದೆ ಬರೀ ಶಾರ್ಟ್‌ಕಟ್ ಇಟ್ಕೊಂಡು ಫಾಂಟ್ ಹಾಕೋ ಆಯ್ಕೆ ಒಂದಿದೆ. ಯಾರೋ ಅದಕ್ಕೆ ಟಿಕ್ ಹಾಕಿರ್ತಾರೆ. ಪೆನ್‌ಡ್ರೈವ್ ಚುಚ್ಚಿದ್ದಾಗ ಫಾಂಟ್ ಇರುತ್ತೆ, ಕಿತ್ತ ಮೇಲೆ ಮಾಯ. ‘ನಿನ್ನೆ ಇತ್ತು, ಇವತ್ತಿಲ್ಲ’ ಅನ್ನೋರು ಇದನ್ನ ನೋಡಿ.

[ಪರದೆ: ಫಾಂಟ್ಸ್ ಕಿಟಕಿ. ಕೆಲವು ಫಾಂಟುಗಳು ಮಸುಕಾಗಿವೆ.]

ಇಲ್ಲಿ ಕೆಲವು ಮಸುಕಾಗಿ ಕಾಣ್ತಿದಾವಲ್ಲ, ಅವು ಕೆಟ್ಟಿಲ್ಲ, ಮರೆ ಮಾಡಿದ್ದಾರೆ. ನಿಮ್ಮ ಕಂಪ್ಯೂಟರಿನ ಭಾಷಾ ಪಟ್ಟಿಯಲ್ಲಿ ಕನ್ನಡ ಇಲ್ಲ ಅಂದ್ರೆ ‘ಇವರಿಗೆ ಕನ್ನಡ ಬೇಡವೇನೋ’ ಅಂತ ವಿಂಡೋಸೇ ತೀರ್ಮಾನ ಮಾಡಿಬಿಡುತ್ತೆ. ಮಂಡ್ಯದಲ್ಲಿ ಕೂತಿದ್ದೀವಿ, ಕನ್ನಡ ಬೇಡವಂತೆ! ಪೇಂಟ್, ನೋಟ್‌ಪ್ಯಾಡ್ ಥರದ ಸಣ್ಣ ತಂತ್ರಾಂಶಗಳು ಈ ಮರೆಯಲ್ಲಿರೋದನ್ನ ತೋರಿಸದೇ ಇರಬಹುದು. ಮಸುಕಾದದ್ದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಶೋ’ ಒತ್ತಿ. ಅದಕ್ಕಿಂತ, ಭಾಷಾ ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಸೇರಿಸೋದೇ ವಾಸಿ.

ಹಾಗೆ ಸೇರಿಸೋದರಿಂದ ಇನ್ನೊಂದು ಲಾಭ ಇದೆ. ಎಕ್ಸ್‌ಪಿ ಕಾಲದಿಂದ ಇದ್ದ ‘ತುಂಗಾ’ ಎಲ್ಲಿ ಹೋಯ್ತು ಅಂತ ಕೇಳ್ತಾ ಇರ್ತೀರಲ್ಲ, ವಿಂಡೋಸ್ 10ರಿಂದ ಅದು ಎಲ್ಲರ ಕಂಪ್ಯೂಟರಿಗೂ ತಾನಾಗೇ ಬರಲ್ಲ. ಕನ್ನಡಕ್ಕೆ ಈಗ ವಿಂಡೋಸ್ ಬಳಸೋದು ‘ನಿರ್ಮಲಾ ಯುಐ’. ಭಾಷಾ ಪಟ್ಟಿಗೆ ಕನ್ನಡ ಸೇರಿಸಿದ್ರೆ ತುಂಗಾನೂ ಸಾಮಾನ್ಯವಾಗಿ ಜೊತೆಗೇ ಬರುತ್ತೆ, ಬರದಿದ್ರೆ ಸೆಟ್ಟಿಂಗ್ಸ್‌ನ ‘ಆಪ್ಷನಲ್ ಫೀಚರ್ಸ್’ಗೆ ಹೋಗಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸ್ಕೊಳ್ಳಿ. ಹಳೆ ವರ್ಡ್ ಕಡತ ತೆರೆದಾಗ ಸಾಲುಗಳೆಲ್ಲ ಹಿಂದೆ ಮುಂದೆ ಆಗಿದ್ರೆ ತುಂಗಾ ಇಲ್ಲದ್ದೂ ಕಾರಣ ಇರಬಹುದು.

ಗೂಗಲ್ ಫಾಂಟ್ಸ್‌ನಿಂದ ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ ಇಳಿಸಿಕೊಂಡೋರು ಜಿಪ್ ಬಿಚ್ಚಿದಾಗ ಹೊರಗೇ ಒಂದು ದಪ್ಪ ಫೈಲ್ ಇರುತ್ತೆ, ಜೊತೆಗೆ ‘ಸ್ಟ್ಯಾಟಿಕ್’ ಅನ್ನೋ ಫೋಲ್ಡರ್. ಹೊರಗಿರೋದು ವೇರಿಯಬಲ್ ಫಾಂಟ್, ಅಂದ್ರೆ ಸಣ್ಣ, ದಪ್ಪ ಎಲ್ಲ ಒಂದೇ ಫೈಲಲ್ಲಿ. ಹಳೆ ತಂತ್ರಾಂಶಕ್ಕೆ ಇದು ಅರ್ಥವಾಗಲ್ಲ. ಕೋರೆಲ್‌ಡ್ರಾಗೆ ಅರ್ಥವಾಗಿದ್ದೇ 2020ರ ಆವೃತ್ತಿಯಿಂದ. ನಮ್ಮ ಅಂಗಡಿಗಳಲ್ಲಿ ಅದಕ್ಕಿಂತ ಹಳೆಯದೇ ಹೆಚ್ಚು ಓಡ್ತಿರೋದು, ಹಾಗಾಗಿ ಕಣ್ಣು ಮುಚ್ಚಿಕೊಂಡು ‘ಸ್ಟ್ಯಾಟಿಕ್’ ಒಳಗಿನವನ್ನ ಹಾಕಿ.

ಪಿಎಫ್‌ಬಿ, ಪಿಎಫ್‌ಎಂ ಅಂತ ಜೋಡಿ ಫೈಲಿರೋ ಹಳೆ ಟೈಪ್ 1 ಫಾಂಟು ನಿಮ್ಮದಾದ್ರೆ ಆಸೆ ಬಿಡಿ. ಲಿಬ್ರೆಆಫೀಸ್ 2017ರಲ್ಲೇ ಅವನ್ನ ಕೈಬಿಡ್ತು, ಅಡೋಬಿ ಜನವರಿ 2023ಕ್ಕೆ.

ಇಷ್ಟೆಲ್ಲ ಆದ್ರೂ ಬರಲಿಲ್ಲ ಅಂದ್ರೆ ರೀಸ್ಟಾರ್ಟ್. ಶಟ್‌ಡೌನ್ ಅಲ್ಲ ಕಣ್ರೀ, ರೀಸ್ಟಾರ್ಟ್. ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮಲಗಲ್ಲ, ಒಳಗಿನ ಅರ್ಧವನ್ನ ಹಾಗೇ ಎತ್ತಿಟ್ಟು ಮತ್ತೆ ಅದನ್ನೇ ಎಬ್ಬಿಸುತ್ತೆ. ರೀಸ್ಟಾರ್ಟ್ ಮಾಡಿದಾಗ ಎಲ್ಲ ಹೊಸದಾಗಿ ಶುರು. ಅದಕ್ಕೂ ಬಗ್ಗದಿದ್ರೆ ಸರ್ವೀಸಸ್‌ನಲ್ಲಿ ‘ವಿಂಡೋಸ್ ಫಾಂಟ್ ಕ್ಯಾಶ್ ಸರ್ವೀಸ್’ ನಿಲ್ಲಿಸಿ, ಅದು ಕೂಡಿಟ್ಟ ಹಳೆ ಪಟ್ಟಿಯ ಫೈಲುಗಳನ್ನ ಅಳಿಸಿ, ಮತ್ತೆ ರೀಸ್ಟಾರ್ಟ್ ಮಾಡಬೇಕು. ವಿಂಡೋಸ್ ಹೊಸ ಪಟ್ಟಿ ಬರ್ಕೊಳ್ಳುತ್ತೆ. ಫೋಲ್ಡರಿನ ವಿಳಾಸ ಪರದೆ ಮೇಲಿದೆ, ನಿಲ್ಲಿಸಿ ನೋಡ್ಕೊಳ್ಳಿ.

[ಪರದೆ: ವರ್ಡ್ ಕಡತ. ಒಂದು ಸಾಲಿನಲ್ಲಿ ‘ಕನ್ನಡ’. ಕೆಳಗಿನ ಸಾಲಿನಲ್ಲಿ ಅದೇ ಪದ ನುಡಿ ಫಾಂಟ್ ಕಳೆದುಕೊಂಡು ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತಿದೆ.]

ಇನ್ನು ಎರಡನೇ ತೊಂದರೆ. ಹೆಸರಿದೆ, ಅಕ್ಷರ ಒಲಿಯಲ್ಲ. ನಮ್ಮ ಕಡೆ ಹೆಚ್ಚು ಜನ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ, ತಪ್ಪು ಜಾಗದಲ್ಲಿ ಮದ್ದು ಹುಡುಕೋದೂ ಇಲ್ಲೇ.

ಕೆಳಗಿನ ಸಾಲನ್ನ ದೊಡ್ಡದು ಮಾಡ್ತೀನಿ. ಇಂಗ್ಲಿಷಿನ ‘ಪಿ’. ತಲೆ ಮೇಲೆ ಓರೆ ಗೆರೆ ಇರೋ ‘ಎ’. ಆಮೇಲೆ ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಗೆರೆ ‘ಎ’. ಜರ್ಮನ್ನರ ಬೀಟಾ ಥರದ ಒಂದು ಅಕ್ಷರ, ‘ಕ್ಯೂ’, ಕೊನೆಗೆ ಮತ್ತೊಮ್ಮೆ ‘ಎ’. ಇದು ವೈರಸ್ ಅಲ್ಲ. ಇದೇ ‘ಕನ್ನಡ’ ಅನ್ನೋ ಪದ.

ಹಳೆ ನುಡಿ, ಬರಹ ಫಾಂಟುಗಳು ಬಂದಾಗ ಒಂದು ಫಾಂಟಿಗೆ ಸಿಗ್ತಿದ್ದದ್ದು ಒಟ್ಟು 256 ಸ್ಥಾನ. ಅದರಲ್ಲೇ ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿದ್ರು. ‘ಪಿ’ ಜಾಗದಲ್ಲಿ ತಲೆಕಟ್ಟಿಲ್ಲದ ಕ. ಗೆರೆ ‘ಎ’ ಜಾಗದಲ್ಲಿ ಆ ತಲೆಕಟ್ಟು. ಪೌಂಡ್ ಜಾಗದಲ್ಲಿ ನ. ಬೀಟಾ ಜಾಗದಲ್ಲಿ ನ ಒತ್ತು. ಹಾಗಾಗಿ ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇಂಗ್ಲಿಷೇ, ಮೇಲೆ ನುಡಿ ಫಾಂಟಿನ ವೇಷ ಇದ್ರೆ ಮಾತ್ರ ಕನ್ನಡ. ಕಡತದಲ್ಲಿ ಪೌಂಡ್ ಗುರುತುಗಳ ಜಾತ್ರೆ ಕಂಡ್ರೆ ನುಡಿ ಫಾಂಟ್ ಹಾಕಿ, ಇಡೀ ಪಠ್ಯ ಆರಿಸಿ, ‘ನುಡಿ 01 ಇ’ ಕೊಡಿ, ಸರಿಯಾಗುತ್ತೆ.

ಯೂನಿಕೋಡ್, ಅಂದ್ರೆ ಎಲ್ಲ ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡೋ ಪದ್ಧತಿ, ಹಾಗಲ್ಲ. ಅದರಲ್ಲಿ ಕನ್ನಡಕ್ಕೇ 128 ಸ್ಥಾನದ ಸ್ವಂತ ಜಾಗ ಇದೆ. ವಾಟ್ಸಾಪ್‌ನಲ್ಲಿ ಬಂದ ಲಗ್ನಪತ್ರಿಕೆಯ ಒಕ್ಕಣೆ ಯೂನಿಕೋಡ್. ಅದನ್ನ ವರ್ಡಿಗೆ ಅಂಟಿಸಿ ‘ನುಡಿ 01 ಇ’ ಕೊಡ್ತೀರಿ. ಹಳೆ ನುಡಿ ಫಾಂಟಿನಲ್ಲಿ ಆ 128ರ ಜಾಗ ಖಾಲಿ. ವರ್ಡ್ ತನ್ನ ಪಾಡಿಗೆ ನಿರ್ಮಲಾ ಯುಐ ತಂದು ತೋರಿಸುತ್ತೆ. ನೀವು ‘ಫಾಂಟ್ ಕೆಲಸ ಮಾಡ್ತಿಲ್ಲ’ ಅಂತೀರಿ. ಫಾಂಟಿನ ತಪ್ಪಿಲ್ಲ, ಪಠ್ಯದ್ದೂ ತಪ್ಪಿಲ್ಲ, ಜೋಡಿ ತಪ್ಪು. ಯೂನಿಕೋಡ್ ಪಠ್ಯಕ್ಕೆ ಯೂನಿಕೋಡ್ ಫಾಂಟೇ ಕೊಡಿ: ಬಲೂ ತಮ್ಮ 2, ತಿರೋ ಕನ್ನಡ, ನೋಟೋ ಸೆರಿಫ್ ಕನ್ನಡ. ಎಲ್ಲ ಉಚಿತ, ಲಗ್ನಪತ್ರಿಕೆಗೂ ಒಪ್ಪುತ್ತವೆ.

ಪುಟ ಕಟ್ಟೋ ಹಳೆ ತಂತ್ರಾಂಶ ಪೇಜ್‌ಮೇಕರ್‌ನಲ್ಲೇ ಇರೋರಿಗೆ ಈ ಮಾತು ನಡೆಯಲ್ಲ. ಅದರ ಕೊನೇ ಆವೃತ್ತಿ 7.0 ಬಂದಿದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಪಠ್ಯವನ್ನೇ ನುಡಿಗೆ ಪರಿವರ್ತಿಸಿ ಒಯ್ಯಬೇಕು. ಪರಿವರ್ತಕ ಬಳಸಿದ ಮೇಲೆ ಅರ್ಕಾವತ್ತನ್ನ ಬೆರಳಿಟ್ಟು ನೋಡಿ. ‘ಕೀರ್ತಿ’ ಬರೆಯುವಾಗ ಯೂನಿಕೋಡ್‌ನಲ್ಲಿ ರ್ ಮೊದಲು, ತಿ ಆಮೇಲೆ. ನುಡಿಯಲ್ಲಿ ತಿ ಮೊದಲು, ಅರ್ಕಾವತ್ತಿನ ಗುರುತು ಆಮೇಲೆ. ಪರಿವರ್ತಕ ಎಡವೋದು ಈ ತಿರುವಿನಲ್ಲೇ. ಮದುಮಗಳ ಹೆಸರೇ ಕೀರ್ತಿ ಆಗಿದ್ರೆ, ಕತೆ ಮುಗೀತು. ನನ್ನ ಕೇಳಿದ್ರೆ ಹೊಸ ಕೆಲಸ ಎಲ್ಲ ಯೂನಿಕೋಡ್‌ನಲ್ಲೇ ಮಾಡಿ, ಹಳೆ ಕಡತ ತೆರೆಯೋಕೆ ಅಂತ ನುಡಿ ಫಾಂಟ್ ಇಟ್ಕೊಂಡಿರಿ.

[ಪರದೆ: ಫೋಟೋಶಾಪ್. ‘ಶ್ರೀರಂಗಪಟ್ಟಣ’ ಎಂಬ ಪದ. ಒತ್ತುಗಳು ಕೆಳಗಿಳಿಯದೆ ಬಿಡಿಬಿಡಿಯಾಗಿವೆ.]

ಫಾಂಟ್ ಬಂತು, ಅಕ್ಷರವೂ ಬಂತು, ಒತ್ತು ಮಾತ್ರ ಪಕ್ಕಕ್ಕೆ ಬಂದು ಕೂತಿದೆ. ಇದು ಫೋಟೋಶಾಪ್‌ನ ಸೆಟ್ಟಿಂಗ್ ವಿಷಯ. ಪ್ರಿಫರೆನ್ಸಸ್‌ನ ‘ಟೈಪ್’ನಲ್ಲಿ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಆರಿಸಿ, ತಂತ್ರಾಂಶ ಮುಚ್ಚಿ ತೆರೆದು ಹೊಸ ಕಡತದಲ್ಲಿ ಬರೀರಿ. ಹೊಸ ಆವೃತ್ತಿಗಳಲ್ಲಿ ‘ವರ್ಲ್ಡ್-ರೆಡಿ’ ಅನ್ನೋ ಹೆಸರಿರುತ್ತೆ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’. ಸರಿಯಾಯ್ತಾ ಅಂತ ನೋಡೋಕೆ ‘ಶ್ರೀರಂಗಪಟ್ಟಣ’, ‘ಅರ್ಕೇಶ್ವರ’ ಎರಡೂ ಬರೆದು ನೋಡಿ. ಶ್ರೀ, ಟ್ಟ, ಅರ್ಕಾವತ್ತು ಮೂರೂ ಪರೀಕ್ಷೆ ಆಗುತ್ತೆ.

ಲಿಬ್ರೆಆಫೀಸ್‌ನವರು ಆಪ್ಷನ್ಸ್‌ನ ಭಾಷೆಗಳ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ಗೆ ಟಿಕ್ ಹಾಕಿ. ಆಗ ಕನ್ನಡಕ್ಕೆ ಪ್ರತ್ಯೇಕ ಫಾಂಟ್ ಪೆಟ್ಟಿಗೆ ಕಾಣುತ್ತೆ. ಇಂಗ್ಲಿಷ್ ಪೆಟ್ಟಿಗೆಯಲ್ಲಿ ಎಷ್ಟು ಫಾಂಟ್ ಬದಲಾಯಿಸಿದ್ರೂ ಕನ್ನಡ ಅಲ್ಲಾಡಲ್ಲ. ಲಿನಕ್ಸ್‌ನಲ್ಲಿರೋರು ಫಾಂಟ್ ಹಾಕಿದ ಮೇಲೆ ‘ಎಫ್‌ಸಿ-ಕ್ಯಾಶ್’ ಓಡಿಸಿ.

[ಪರದೆ: ಪಿಡಿಎಫ್‌ನ ಪ್ರಾಪರ್ಟೀಸ್, ಫಾಂಟ್ಸ್ ವಿಭಾಗ]

ಫ್ಲೆಕ್ಸ್ ಪ್ರಿಂಟ್ ಮಾಡೋ ಮಿಷನ್ ನೂರಡಿ ರಸ್ತೆಯಲ್ಲೋ ಮೈಸೂರಲ್ಲೋ ಇರುತ್ತೆ, ಅಲ್ಲಿನ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರಲ್ಲ. ಕೋರೆಲ್ ಕಡತ ಕಳಿಸೋದಾದ್ರೆ ಒಂದು ನಕಲು ಮಾಡಿ, ನಕಲಿನಲ್ಲಿ ಮಾತ್ರ ‘ಕನ್ವರ್ಟ್ ಟು ಕರ್ವ್ಸ್’ ಕೊಡಿ, ಅಕ್ಷರ ಚಿತ್ರವಾಗುತ್ತೆ, ಫಾಂಟ್ ಬೇಕಾಗಲ್ಲ. ಅಸಲನ್ನ ಹಾಗೇ ಇಟ್ಕೊಳ್ಳಿ, ದಾನಿಗಳ ಹೆಸರು ಕೊನೇ ಗಳಿಗೆಯಲ್ಲಿ ಬದಲಾಗದ ಫ್ಲೆಕ್ಸ್ ನಾನಂತೂ ಕಂಡಿಲ್ಲ. ಪಿಡಿಎಫ್ ಕಳಿಸೋದಾದ್ರೆ ಅಕ್ರೊಬ್ಯಾಟ್ ರೀಡರ್‌ನಲ್ಲಿ ಪ್ರಾಪರ್ಟೀಸ್ ತೆರೆದು ಫಾಂಟ್ಸ್ ನೋಡಿ. ಪ್ರತಿ ಹೆಸರಿನ ಮುಂದೆ ‘ಎಂಬೆಡೆಡ್’, ಅಂದ್ರೆ ಫಾಂಟ್ ಕಡತದ ಒಳಗೇ ಸೇರಿದೆ, ಅಂತ ಇರಬೇಕು. ಒಂದಕ್ಕೆ ಇಲ್ಲದಿದ್ರೂ ಕಳಿಸಬೇಡಿ.